ಬಾಗಿಲ ಮೇಲಿನ ಹನ್ನೊಂದು ಹೆಸರು

ಹನ್ನೆರಡು ಮಂದಿಯಲ್ಲಿ ಹನ್ನೊಂದು ಮಂದಿಯ ಹೆಸರು ಬರೆಯುವುದು ಹನ್ನೊಂದು ಮಂದಿಯನ್ನು ಆರಿಸುವ ಕೆಲಸವೋ, ಒಬ್ಬನನ್ನು ಕೈಬಿಡುವ ಕೆಲಸವೋ? ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಇಂತಹ ಪ್ರಶ್ನೆ ಬಂದಿದ್ದರೆ ನಾನು ಎರಡೂ ಪಕ್ಷಗಳ ಪರವಾಗಿ ಮಾತನಾಡಬಲ್ಲವಳಾಗಿದ್ದೆ, ಬಹುಮಾನವನ್ನೂ ತರಬಲ್ಲವಳಾಗಿದ್ದೆ. ಆದರೆ ಈ ಪ್ರಶ್ನೆ ನನ್ನೆದುರಿಗೆ ಬಂದದ್ದು ಕಾಲೇಜಿಗಿಂತ ಬಹಳ ಮೊದಲು, ನನಗಿನ್ನೂ ಹನ್ನೆರಡು ವರ್ಷವಾಗಿದ್ದಾಗ, ಲಕ್ಷ್ಮೇಶ್ವರದ ಒಂದು ಜೋಳದ ಕಣದ ಬದಿಯಲ್ಲಿ. ಅಂದು ನಾನು ಕೊಟ್ಟ ಉತ್ತರ ತರ್ಕಕ್ಕೆ ಸರಿಯಾಗಿತ್ತು. ಅದರಿಂದ ನೋವುಂಡವನು ನನ್ನ ಅಣ್ಣ ಮಲ್ಲಪ್ಪ.

ಗದಗಿನ ಪಕ್ಕದ ಬೆಟಗೇರಿಯ ನಮ್ಮ ಮನೆಯೆಂದರೆ ಮೊದಲು ಮಗ್ಗದ ಮನೆ, ಅದರ ಹಿಂದೆ ಉಳಿದುದೆಲ್ಲ. ಬೀದಿಯ ಬಾಗಿಲು ದಾಟಿದರೆ ಉದ್ದನೆಯ ಪಡಸಾಲೆ; ಅದರಲ್ಲಿ ನೆಲವನ್ನು ಅಗೆದು ಕೂಡಿಸಿದ ನಾಲ್ಕು ಕುಣಿಮಗ್ಗಗಳು. ನೇಯುವವರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ನಮ್ಮಂಥ ಮಕ್ಕಳಿಗೂ ಅವರಿಗೂ ಒಂದೇ ಎತ್ತರ. ಹೀಗಾಗಿ ನನ್ನ ಬಾಲ್ಯದ ದೊಡ್ಡವರೆಲ್ಲ ನನ್ನ ಕಣ್ಣಿನ ಮಟ್ಟದಲ್ಲಿಯೇ ಇದ್ದರು. ಮೊದಲನೆಯ ಮಗ್ಗ ದೊಡ್ಡಪ್ಪನದು, ಎರಡನೆಯದು ಅಪ್ಪನದು, ಮೂರನೆಯದು ದೊಡ್ಡಪ್ಪನ ಮಗ ಈರಣ್ಣನದು. ನಾಲ್ಕನೆಯದು, ಅಪ್ಪನ ಮಗ್ಗಕ್ಕೆ ಎದುರಾಗಿದ್ದುದು, ಹತ್ತನೆಯ ತರಗತಿಯಲ್ಲಿ ನಪಾಸಾಗಿ ಶಾಲೆ ಬಿಟ್ಟ ಮಲ್ಲಣ್ಣನ ಪಾಲಿಗೆ ಬಂದಿತ್ತು. ಕಿಟಕಿಯ ಕೆಳಗೆ ನಮ್ಮ ಅಜ್ಜಿ, ಅಂದರೆ ನಾವೆಲ್ಲ ‘ಆಯಿ’ ಎಂದು ಕರೆಯುತ್ತಿದ್ದ ಮುದುಕಿ, ರಾಟೆಯ ಮುಂದೆ ಕೂತು ಲಾಳಿಗಳಿಗೆ ನೂಲು ಸುತ್ತುತ್ತಿದ್ದಳು. ಅವಳ ಪಕ್ಕದ ಗೋಡೆಗೂಡಿನಲ್ಲಿ ರೇಡಿಯೋ ಇತ್ತು. ನಮ್ಮ ಮನೆತನ ಟೆಸ್ಟ್ ಕ್ರಿಕೆಟನ್ನು ಅಷ್ಟೊಂದು ಪ್ರೀತಿಸಲು ಈ ಏರ್ಪಾಟೇ ಕಾರಣವೆಂದು ನಾನು ಈಗ ಭಾವಿಸುತ್ತೇನೆ. ಅವಸರದ ಆಟವನ್ನು ಕೇಳಬೇಕಾದರೆ ಕೆಲಸ ನಿಲ್ಲಿಸಬೇಕು. ಐದು ದಿನದ ಆಟವನ್ನು ನೇಯುತ್ತಲೇ ಕೇಳಬಹುದು. ಒಂದು ಟೆಸ್ಟ್ ಮುಗಿಯುವುದರೊಳಗೆ ಪ್ರತಿ ಮಗ್ಗದಿಂದ ಎರಡು ಸೀರೆ ಇಳಿಯುತ್ತಿದ್ದವು. ವಿಕೆಟ್ ಬಿದ್ದಾಗ ಮಾತ್ರ ನಾಲ್ಕೂ ಮಗ್ಗಗಳು ಒಮ್ಮೆಗೇ ನಿಲ್ಲುತ್ತಿದ್ದವು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅವ್ವ ಆ ನಿಶ್ಶಬ್ದ ಕೇಳಿಯೇ ‘ಯಾರು ಹ್ವಾದ್ರು?’ ಎಂದು ಕೂಗುತ್ತಿದ್ದಳು.

ಗೋಡೆಯಾಚೆಯ ಮನೆಯ ಇಮಾಮಣ್ಣ ನಮ್ಮ ಮಗ್ಗಗಳಿಗೆ ನೂಲಿಗೆ ಬಣ್ಣ ಹಾಕಿ ಕೊಡುತ್ತಿದ್ದ. ಅವನ ಬೆರಳುಗಳ ಮೇಲೆ ಆ ವಾರದ ಸೀರೆಯ ಬಣ್ಣ ಯಾವಾಗಲೂ ಇರುತ್ತಿತ್ತು. ಹಿಂದಿಯಲ್ಲಿ ವೀಕ್ಷಕ ವಿವರಣೆ ಬರುವಾಗ ಅದನ್ನು ನಮಗೆ ಕನ್ನಡದಲ್ಲಿ ಹೇಳುವ ಹೊಣೆ ಅವನದು. ಹೇಳುವಾಗ ತನ್ನ ಅಭಿಪ್ರಾಯವನ್ನೂ ಅದರಲ್ಲಿ ಬೆರೆಸುತ್ತಿದ್ದನೆಂದು ಈರಣ್ಣನ ಆಕ್ಷೇಪ. ದೊಡ್ಡಪ್ಪನಂತೂ ರೇಡಿಯೋದೊಳಗಿನ ನಾಯಕನಿಗೆ ನೇರವಾಗಿ ಸಲಹೆ ಕೊಡುತ್ತಿದ್ದ.

“ಸ್ಲಿಪ್ಪಿನವನ್ನ ತಗದು ಶಾರ್ಟ್ ಲೆಗ್ಗಿಗೆ ನಿಲ್ಲಸೋ. ಎಷ್ಟು ಸಲ ಹೇಳಬೇಕು ನಿನಗ?”

“ಅವ ನಿನ್ನ ಮಾತು ಕೇಳ್ತಾನೇನಪಾ?” ಎಂದು ಆಯಿ ರಾಟೆ ನಿಲ್ಲಿಸದೆಯೇ ಅನ್ನುವಳು. “ನಿನ್ನ ಲಾಳಿ ಸಿಕ್ಕೊಂಡು ಆಗಳೇ ಹೊತ್ತಾತು. ಮೊದಲ ಅದನ್ನ ನೋಡು.”

ಆಯಿಗೆ ಆಟದ ನಿಯಮಗಳೆಲ್ಲ ಗೊತ್ತಿದ್ದವು. ಒಂದನ್ನು ಮಾತ್ರ ಅವಳು ಕೊನೆಯವರೆಗೂ ಒಪ್ಪಲಿಲ್ಲ. ದಿನದಾಟ ಮುಗಿಯುವ ಹೊತ್ತಿಗೆ ವಿಕೆಟ್ ಬಿದ್ದರೆ ಒಳ್ಳೆಯ ಬ್ಯಾಟುಗಾರನನ್ನು ಉಳಿಸಿಕೊಳ್ಳಲು ಬೌಲರನೊಬ್ಬನನ್ನು ಕಾವಲಿಗೆ ಕಳಿಸುತ್ತಾರಲ್ಲ, ಆ ತಂತ್ರ ಕೇಳಿದಾಗಲೆಲ್ಲ ಅವಳ ಮುಖ ಸಿಂಡರಿಸುತ್ತಿತ್ತು.

“ದೊಡ್ಡವನ್ನ ಉಳಿಸಾಕ ಸಣ್ಣಾವನ್ನ ಮುಂದ ನೂಕೋದು. ಕೇಳಿ ಕಳಸ್ತಾರೇನು ಅವನ್ನ?”

“ಆಯಿ, ಅದು ತಂತ್ರ ಐತಿ. ಅದರಾಗ ಕೇಳೋದೇನು ಬಂತು?” ಎಂದು ದೊಡ್ಡಪ್ಪ.

“ಹಂಗಂದವ್ರನ್ನ ಒಮ್ಮೆ ಅವನ ಜಾಗಾದಾಗ ನಿಲ್ಲಸಬೇಕು.”

ಪ್ರತಿ ಟೆಸ್ಟಿನ ಹಿಂದಿನ ಸಂಜೆ ನಮ್ಮ ಮನೆಯಲ್ಲಿ ತಂಡದ ಆಯ್ಕೆ ನಡೆಯುತ್ತಿತ್ತು. ಗಂಡಸರು ಸಾಲಾಗಿ ಊಟಕ್ಕೆ ಕೂತು, ಜೋಳದ ರೊಟ್ಟಿ, ಝುಣಕ, ಶೇಂಗಾ ಚಟ್ನಿಗಳ ನಡುವೆ ಒಬ್ಬೊಬ್ಬ ಆಟಗಾರನ ಗುಣದೋಷಗಳನ್ನು ವಿಚಾರಿಸುತ್ತಿದ್ದರು. ಹವೆ ಹೇಗಿದೆ, ಅಂಕಣ ಎಂಥದು, ಇಬ್ಬರು ಸ್ಪಿನ್ನರು ಸಾಕೋ ಮೂವರು ಬೇಕೋ ಎಂಬ ವಾದ ಮಜ್ಜಿಗೆಯ ತನಕ ಬೆಳೆಯುತ್ತಿತ್ತು. ಕೊನೆಗೆ ದೊಡ್ಡಪ್ಪ ಕೈತೊಳೆದು ಬಂದು ಒಂದು ಮಾತು ಹೇಳುತ್ತಿದ್ದ, ಅದೇ ತೀರ್ಮಾನ. ನೂಲಿನ ಕೋಣೆಯ ಕರಿಬಾಗಿಲ ಮೇಲೆ ಸೀಮೆಸುಣ್ಣದಿಂದ ಹನ್ನೊಂದು ಹೆಸರು ಬರೆಯಲಾಗುತ್ತಿತ್ತು. ನನ್ನ ಅಕ್ಷರ ದುಂಡಗಿದ್ದುದರಿಂದ ಬರೆಯುವ ಕೆಲಸ ನನಗೆ ಬಂದಿತ್ತು. ಆಯ್ಕೆಯಲ್ಲಿ ಹೆಣ್ಣುಮಕ್ಕಳು ಮಾತನಾಡುವ ರೂಢಿ ಇರಲಿಲ್ಲ. ಆದರೆ ಬರೆಯುವವಳನ್ನು ಅಲ್ಲಿಂದ ಎಬ್ಬಿಸುವಂತಿಲ್ಲವಲ್ಲ, ಹಾಗಾಗಿ ನಾನು ಎಲ್ಲವನ್ನೂ ಕೇಳುತ್ತಿದ್ದೆ. ಒಮ್ಮೆ ಬರೆದ ಹೆಸರನ್ನು ಆಟ ಮುಗಿಯುವವರೆಗೆ ಒರೆಸಬಾರದು ಎಂಬುದು ದೊಡ್ಡಪ್ಪನ ಕಟ್ಟಪ್ಪಣೆ. ಬಾಗಿಲ ಮೇಲೆ ಬರೆದರೆ ಎಲ್ಲರಿಗೂ ಹೇಳಿದಂತೆ. ಮತ್ತೆ ಯಾರಿಗೂ ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ. ರೇಡಿಯೋದೊಳಗಿನ ಆಟಗಾರರ ವಿಷಯದಲ್ಲಿ ಈ ಪದ್ಧತಿಯಿಂದ ಯಾರಿಗೂ ಕೇಡಾಗಲಿಲ್ಲ, ಏಕೆಂದರೆ ಅವರಾರೂ ಬೆಟಗೇರಿಗೆ ಬಂದು ನಮ್ಮ ಬಾಗಿಲನ್ನು ಓದುವವರಲ್ಲ. ನಾವು ಅದೇ ಪದ್ಧತಿಯನ್ನು ಮನೆಯವರಿಗೂ ಅನ್ವಯಿಸಿದೆವು.

ಮನೆಯವರಿಗೆ ಅನ್ವಯಿಸುವ ಸಂದರ್ಭ ವರ್ಷಕ್ಕೊಮ್ಮೆ ಬರುತ್ತಿತ್ತು. ದೊಡ್ಡಪ್ಪ ಮತ್ತು ಅಪ್ಪನ ಕಿರಿಯ ತಮ್ಮ, ನಮ್ಮ ಕಾಕಾ, ಲಕ್ಷ್ಮೇಶ್ವರದಲ್ಲಿ ಒಕ್ಕಲುತನ ಮಾಡಿಕೊಂಡಿದ್ದ. ಬೇಸಿಗೆಯ ರಜೆಯಲ್ಲಿ ರಾಶಿ ಮುಗಿದು ಕಣ ಬರಿದಾದ ಮೇಲೆ ನಾವೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಆ ಕಣದಲ್ಲಿ ಬೆಟಗೇರಿ ಮನೆಯವರಿಗೂ, ಕಾಕಾನ ಕಡೆಯವರಿಗೂ ಐದು ದಿನದ ಆಟ. ಕಾಕಾನ ಬೀಗರು ಮುಂಡರಗಿಯಿಂದ ಬಂದು ಅವನ ತಂಡ ತುಂಬುತ್ತಿದ್ದರು. ನಮ್ಮ ತಂಡದಲ್ಲಿ ದೊಡ್ಡಪ್ಪ ಮತ್ತು ಅಪ್ಪನ ಜೊತೆ ಓಣಿಯ ನೆಂಟರಿಷ್ಟರು, ಇಮಾಮಣ್ಣ. ಬೆಳಿಗ್ಗೆ ಒಂದು ಹೊತ್ತು, ಬಿಸಿಲು ಇಳಿದ ಮೇಲೆ ಒಂದು ಹೊತ್ತು ಆಟ. ಎರಡೆರಡು ಇನ್ನಿಂಗ್ಸ್, ಬಿಳಿ ಅಂಗಿ, ವರ್ಷಕ್ಕೊಂದು ಕೆಂಪು ಚರ್ಮದ ಚೆಂಡು. ನಮ್ಮ ನಾಯಕ ದೊಡ್ಡಪ್ಪ, ವಿಕೆಟ್ ಹಿಂದೆ ಅಪ್ಪ.

ಇಲ್ಲಿ ಅಪ್ಪ ಮತ್ತು ಮಲ್ಲಣ್ಣನ ಸಂಗತಿ ಹೇಳಲೇಬೇಕು. ಅಣ್ಣ ಎರಡನೆಯ ಸಲ ನಪಾಸಾದ ದಿನ ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಮಾತು ಬಿಟ್ಟ. ಮನೆತನದಲ್ಲಿ ಮೊದಲ ಸಲ ಒಬ್ಬನಾದರೂ ಮಗ್ಗ ಬಿಟ್ಟು ಬೇರೆ ಉದ್ಯೋಗ ಹಿಡಿಯಲಿ ಎಂಬ ಆಸೆ ಅವನಿಗಿತ್ತು. ಎದುರುಬದುರು ಮಗ್ಗಗಳಲ್ಲಿ ಕೂತು, ನಾಲ್ಕು ಮಾರು ದೂರದಲ್ಲಿದ್ದ ಮಗನಿಗೆ ಅಪ್ಪ ಅವ್ವನ ಮೂಲಕ ಹೇಳಿ ಕಳಿಸುತ್ತಿದ್ದ.

“ಅವಗ ಹೇಳು, ಅಂಚಿನಾಗ ಎಳಿ ಕಡದೈತಿ ಅಂತ.”

“ಅವ ಇಲ್ಲೇ ಕುಂತಾನಲ್ರೀ, ನೀವ ಹೇಳ್ರಿ.”

“ನಾ ನಿನಗ ಹೇಳಿದೆ.”

ಹೀಗೆ ಎರಡು ವರ್ಷ ನಡೆದಿತ್ತು. ಅದಕ್ಕೆ ಅಪವಾದ ಒಂದೇ: ಕಣದಲ್ಲಿನ ಆ ಐದು ದಿನ. ಮಲ್ಲಣ್ಣ ವೇಗದ ಬೌಲರ್. ವಿಕೆಟ್ ಕೀಪರನಾದವನು ಬೌಲರನೊಡನೆ ಮಾತನಾಡದೆ ಇರಲಾರ. ಅದು ಆಟದ ಧರ್ಮ. ಹಿಂದಿನ ಬೇಸಿಗೆಯಲ್ಲಿ ಅಣ್ಣ ಮೊದಲ ಓವರಿನ ಮೂರನೆಯ ಚೆಂಡು ಹಾಕಿದಾಗ ಅಪ್ಪ ಗೊತ್ತಿಲ್ಲದೆಯೇ ‘ಚೊಲೋ ಹಾಕಿದಿ ಮಲ್ಲಪ್ಪಾ, ಅಲ್ಲೇ ಹಾಕು’ ಎಂದು ಕೂಗಿದ. ಬೇವಿನ ಗಿಡದ ಕೆಳಗೆ ಕೂತಿದ್ದ ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಐದು ದಿನ ಅಪ್ಪನ ಬಾಯಲ್ಲಿ ಅಣ್ಣನ ಹೆಸರು ಇತ್ತು. ಬೆಟಗೇರಿಗೆ ಮರಳಿದ ಮೇಲೆ ಮತ್ತೆ ‘ಅವಗ ಹೇಳು’. ಅಣ್ಣ ಅನಂತರ ವರ್ಷವಿಡೀ ದಿನಾ ಬೆಳಿಗ್ಗೆ ಮಗ್ಗಕ್ಕೆ ಇಳಿಯುವ ಮೊದಲು ಹಳೆಯ ಚೆಂಡು ಹಿಡಿದು ಬಯಲಿಗೆ ಹೋಗಿ ಬರುತ್ತಿದ್ದ. ಏತಕ್ಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೂ ಗೊತ್ತಿತ್ತು.

ಆ ವರ್ಷ ನಾವು ಲಕ್ಷ್ಮೇಶ್ವರ ತಲುಪಿದಾಗ ಕಾಕಾ ಕಣವನ್ನು ಇನ್ನೂ ಪೂರ್ತಿ ಸಿದ್ಧಮಾಡಿರಲಿಲ್ಲ. ಅವಸರದಲ್ಲಿ ಹಿಂದಿನ ದಿನವಷ್ಟೇ ನೀರು ಬಿಟ್ಟು, ಕಲ್ಲಿನ ಗುಂಡು ಉರುಳಿಸಿದ್ದ. ಕಣ ಸಾರಿಸುವುದು ಹೆಂಗಸರ ಕೆಲಸ. ಆಯಿ, ಕಾಕಿ, ನಾನು ಸೆರಗು ಲಂಗ ಸಿಕ್ಕಿಸಿಕೊಂಡು, ಹೆಂಡಿಯ, ಅಂದರೆ ಸಗಣಿಯ, ಬಗ್ಗಡವನ್ನು ಅಂಗೈಯಿಂದ ಬಳಿಯುತ್ತ ಹಿಮ್ಮೆಟ್ಟುತ್ತ ಹೋದೆವು. ಮಧ್ಯಾಹ್ನದ ಬಿಸಿಲಿಗೆ ಅದು ಹಲಗೆಯಂತಾಯಿತು. ದೊಡ್ಡಪ್ಪ ಬಂದು ಬೆರಳ ಗೆಣ್ಣಿನಿಂದ ಬಡಿದು ನೋಡಿದ, ಟಣ್ ಎಂದಿತು.

“ಕಲ್ಲ ಆಗೇತಿ. ಈ ಸಲ ವೇಗದವರಿಬ್ಬರು ಬೇಕ ಬೇಕು. ಈರಣ್ಣ, ಮಲ್ಲಪ್ಪ. ಸ್ಪಿನ್ನಿಗೆ ನಾ ಇದ್ದೇನಿ.”

ಅವನು ಅತ್ತ ಹೋದ ಮೇಲೆ ಆಯಿ ಕಣದ ಅಂಚಿನಲ್ಲಿ ಹಿಮ್ಮಡಿಯೂರಿ ಒತ್ತಿದಳು. ಮೇಲಿನ ಪದರ ಸಣ್ಣಗೆ ಕುಸಿಯಿತು.

“ನೋಡಿಲ್ಲಿ. ಇದು ಎರಿ ಮಣ್ಣು. ನಿನ್ನೆ ನೀರು ಬಿಟ್ಟಾರ, ಒಳಗ ಇನ್ನೂ ಹಸಿ ಐತಿ. ಮ್ಯಾಲ ಅಷ್ಟ ಒಣಗೇತಿ. ಎರಡು ದಿವಸ ಸುಮ್ಮನ ಇರತೈತಿ. ಮೂರನೇ ದಿವಸ ಮಣ್ಣು ಬಿರಕೊಂತು ಅಂದ್ರ ಹೆಂಡಿ ಹಪ್ಪಳದಂಗ ಎದ್ದ ಬರತೈತಿ.”

“ಹಂಗಾದ್ರ ಚೆಂಡು ಹೊಳ್ಳತೈತಲ್ಲ ಆಯಿ?”

“ಹೊಳ್ಳದ ಏನು ಮಾಡೀತು? ನಿಮ್ಮ ದೊಡ್ಡಪ್ಪ ಬಡದು ನೋಡ್ಯಾನ. ಎಂದಾರ ಸಾರಿಸ್ಯಾನೇನು ಅಂವ?”

ನೆಲವನ್ನು ಅಂಗೈಯಿಂದ ಬಲ್ಲವರು ಅದರ ಬಗ್ಗೆ ನಿರ್ಣಯ ಮಾಡುವವರಲ್ಲ, ನಿರ್ಣಯ ಮಾಡುವವರು ಅದನ್ನು ಮುಟ್ಟಿದವರಲ್ಲ. ಮುಂದಿನ ನನ್ನ ಸಾರ್ವಜನಿಕ ಬದುಕಿನಲ್ಲಿ ಈ ಮಾತನ್ನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಅದರ ಮೊದಲ ಅರಿವು ನನಗಾದದ್ದು ಹೆಂಡಿ ಹತ್ತಿದ ಕೈಗಳಿಂದ ಅಲ್ಲಿ ನಿಂತಿದ್ದಾಗ. ಆ ಸಂಜೆ ಕಾಕಾನ ಮನೆಯ ಕಟ್ಟೆಯ ಮೇಲೆ ನಮ್ಮ ತಂಡದ ಆಯ್ಕೆಗೆ ಎಲ್ಲರೂ ಕೂತರು. ಕಾಕಾ ಕಾಳು ತುಂಬಿಡುತ್ತಿದ್ದ ಹಗೇವಿನ ಕೋಣೆಯ ಬಾಗಿಲೇ ಅಲ್ಲಿ ನಮ್ಮ ಹಲಗೆ. ಹೊಸ ಚೆಂಡನ್ನು ತರುವ ಗೌರವ ಮೊದಲ ಓವರ್ ಹಾಕುವವನದು. ಹಾಗಾಗಿ ಮಲ್ಲಣ್ಣ ಕಾಕಾನ ಸೈಕಲ್ ಹತ್ತಿ ಪೇಟೆಗೆ ಹೋಗಿದ್ದ. ದೊಡ್ಡಪ್ಪ, ಇಮಾಮಣ್ಣನೊಬ್ಬನನ್ನು ಬಿಟ್ಟು, ಹನ್ನೊಂದು ಮಂದಿಯ ಹೆಸರು ಹೇಳತೊಡಗಿದ. ನಾನು ಸೀಮೆಸುಣ್ಣ ಹಿಡಿದುಕೊಂಡೇ ಇದ್ದೆ, ಬರೆಯಲಿಲ್ಲ.

“ಯಾಕವಾ ಗಿರಿಜಾ, ಸುಣ್ಣ ಮುಗೀತೇನು?”

“ದೊಡ್ಡಪ್ಪಾ, ನಾ ಒಂದ ಮಾತು ಹೇಳಲ್ರೀ?”

ಈರಣ್ಣ ನಕ್ಕ. ದೊಡ್ಡಪ್ಪನಿಗೆ ಕುತೂಹಲವಾಯಿತು. ನಾನು ಹೇಳಿದೆ. ನೀರು ಬಿಟ್ಟ ದಿನ, ಮಣ್ಣಿನ ಗುಣ, ಹೆಂಡಿಯ ಪದರದ ದಪ್ಪ. ಮೂರನೆಯ ದಿನದಿಂದ ಚೆಂಡು ತಿರುಗುತ್ತದೆ. ಆಟ ಗೆಲ್ಲುವುದೋ ಸೋಲುವುದೋ ನಿರ್ಧಾರವಾಗುವುದು ಕಡೆಯ ಮೂರು ದಿನಗಳಲ್ಲಿ. ಆದ್ದರಿಂದ ಇಮಾಮಣ್ಣನ ಎಡಗೈ ಸ್ಪಿನ್ ತಂಡಕ್ಕೆ ಬೇಕು. ಒಂದಾದ ಮೇಲೊಂದು, ಮೆಟ್ಟಿಲು ಇಟ್ಟಂತೆ. ಅಷ್ಟು ಹೊತ್ತು ಯಾರೂ ನಡುವೆ ಬಾಯಿ ಹಾಕಲಿಲ್ಲ. ನನ್ನ ಮಾತು ಒಂದು ಮನೆಯನ್ನು ಸುಮ್ಮನಾಗಿಸಬಲ್ಲದೆಂದು ನಾನು ತಿಳಿದದ್ದು ಆಗಲೇ. ಅದೊಂದು ಅಮಲು.

“ಸ್ಪಿನ್ ಹಾಕಾಕ ನಾ ಇಲ್ಲೇನು?” ಎಂದ ದೊಡ್ಡಪ್ಪ.

ಬೇಳೆ ಹಸನು ಮಾಡುತ್ತಿದ್ದ ಆಯಿ ತಲೆಯೆತ್ತಲಿಲ್ಲ. “ನಿನ್ನ ಚೆಂಡು ಬಂದು ಮುಟ್ಟೂದ್ರಾಗ ಬ್ಯಾಟಿನವ ಮನಿಗೆ ಹೋಗಿ ಉಂಡು ಬರತಾನ. ಹುಡುಗಿ ಖರೆ ಹೇಳತೈತಿ.”

ಎಲ್ಲರೂ ನಕ್ಕರು, ದೊಡ್ಡಪ್ಪನೂ ನಕ್ಕ. ಆಮೇಲೆ ಅವನು ನನ್ನನ್ನೇ ನೋಡುತ್ತ ಕೇಳಿದ:

“ಆತು. ಇಮಾಮ ಬಂದ. ಹನ್ನೆರಡ ಆದ್ವು. ಯಾರನ್ನ ಬಿಡೂಣು? ಅದನ್ನೂ ನೀನ ಹೇಳು.”

ಈರಣ್ಣ, ಮಲ್ಲಣ್ಣ ಇಬ್ಬರಲ್ಲಿ ಒಬ್ಬನನ್ನು ಬಿಡಬೇಕು. ಈರಣ್ಣನಿಗೆ ಬ್ಯಾಟೂ ಬರುತ್ತಿತ್ತು. ತರ್ಕ ನೇರವಾಗಿತ್ತು. ಒಡಹುಟ್ಟಿದವನೆಂದು ಪಕ್ಷಪಾತ ಮಾಡಬಾರದು ಎಂಬ ಆದರ್ಶವೂ ಆ ಕ್ಷಣ ನನ್ನ ಬೆನ್ನು ತಟ್ಟಿತು. ‘ಮಲ್ಲಣ್ಣನ್ನ’ ಎಂದೆ. ನನ್ನ ದನಿಯಲ್ಲಿ ಹೆಮ್ಮೆ ಇತ್ತೆಂಬುದನ್ನು ಇಂದು ಮುಚ್ಚಿಡುವುದಿಲ್ಲ. ಮೊರದಲ್ಲಿ ಆಯಿಯ ಕೈ ನಿಂತಿತು. ದೊಡ್ಡಪ್ಪ ಅಪ್ಪನ ಕಡೆ ತಿರುಗಿದ.

“ನೀ ಏನಂತಿ?”

“ತಂಡಕ್ಕ ಯಾವುದು ಚೊಲೋನೋ ಅದನ್ನ ಮಾಡಣ್ಣ,” ಎಂದು ಅಪ್ಪ ಎದ್ದು ಎತ್ತುಗಳಿಗೆ ನೀರು ಕುಡಿಸಲು ಹೋದ.

“ಅವ ಬರಲಿ. ಹೇಳಿದ ಮ್ಯಾಲ ಬರೀರಿ,” ಎಂದಳು ಆಯಿ.

“ಬಾಗಿಲದಾಗ ಬರದಿರತೈತಲ್ಲ, ಓದತಾನ ಬಿಡು,” ಎಂದ ದೊಡ್ಡಪ್ಪ. ಅದು ಕಠಿಣ ಮನಸ್ಸಿನ ಮಾತಲ್ಲ, ರೂಢಿಯ ಮಾತು. ನಾನು ಹನ್ನೊಂದು ಹೆಸರುಗಳನ್ನು ದುಂಡಗೆ ಬರೆದೆ.

ಹೊತ್ತು ಮುಳುಗುವ ಮೊದಲು ಮಲ್ಲಣ್ಣ ಬಂದ. ಸೈಕಲನ್ನು ಗೋಡೆಗೆ ಆನಿಸಿ, ಅಂಗಿಯ ಕಿಸೆಯಿಂದ ಚೆಂಡು ತೆಗೆದು ಅಂಗೈಯಲ್ಲಿ ತಿರುಗಿಸುತ್ತ ಬಾಗಿಲ ಮುಂದೆ ನಿಂತ. ಎಲ್ಲರಿಗೂ ಆಗಲೇ ಬೇರೆ ಬೇರೆ ಕೆಲಸ ನೆನಪಾಯಿತು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವನು ಓದಿದ, ಮತ್ತೊಮ್ಮೆ ಮೊದಲಿನಿಂದ ಓದಿದ. ಅವನ ತುಟಿಗಳು ಅಲುಗಿದವು. ಆಮೇಲೆ ಈರಣ್ಣನ ಹತ್ತಿರ ಹೋಗಿ ಚೆಂಡನ್ನು ಅವನ ಕೈಗಿಟ್ಟ.

“ಒಂದ ಬಾಜೂ ಹೊಲಿಗಿ ಸ್ವಲ್ಪ ಎದ್ದೈತಿ. ನೋಡಿ ಹಿಡಿ,” ಎಂದ.

ಮೊದಲೆರಡು ದಿನ ನನ್ನ ವಾದಕ್ಕೆ ಕಷ್ಟದ ದಿನಗಳಾಗಿದ್ದವು. ಕಣ ಕಲ್ಲಿನಂತಿತ್ತು, ಹೊಸ ಚೆಂಡು ಹಾರುತ್ತಿತ್ತು, ಈರಣ್ಣನಿಗೆ ಜೊತೆಗಾರನಿರಲಿಲ್ಲ. ಮುಂಡರಗಿಯ ಬೀಗರು ಮನಸಾರೆ ಹೊಡೆದರು. ದೊಡ್ಡಪ್ಪ ಓವರಿಗೊಮ್ಮೆ ನನ್ನ ಕಡೆ ನೋಡುತ್ತಿದ್ದ. ಮಲ್ಲಣ್ಣ ತಲೆಗೆ ಟವೆಲ್ ಸುತ್ತಿಕೊಂಡು ಮಜ್ಜಿಗೆಯ ತಂಬಿಗೆ ಹೊತ್ತು ಒಳಗೆ ಹೋಗಿ ಬರುತ್ತಿದ್ದ. ಅಪ್ಪ ಅವನ ಕೈಯಿಂದ ತಂಬಿಗೆ ತೆಗೆದುಕೊಂಡು, ಕುಡಿದು, ಹಿಂದಿರುಗಿಸುತ್ತಿದ್ದ. ಅವರಿಬ್ಬರ ನಡುವೆ ಹೇಳುವಂಥದು ಏನೂ ಇರಲಿಲ್ಲ. ಮಜ್ಜಿಗೆ ತರುವವನೊಡನೆ ಮಾತನಾಡಬೇಕೆಂಬ ಧರ್ಮ ಆ ಆಟದಲ್ಲಿ ಇಲ್ಲ.

ಮೂರನೆಯ ದಿನ ಬಿಸಿಲೇರುವ ಹೊತ್ತಿಗೆ ಆಯಿ ಹೇಳಿದಂತೆಯೇ ಆಯಿತು. ಮಣ್ಣು ಬಿರಿಯಿತು, ಸಾರಿಸಿದ ಪದರ ಅಂಚು ಮಡಚಿ ಏಳತೊಡಗಿತು. ಇಮಾಮಣ್ಣ ತನ್ನ ನೀಲಿ ಬೆರಳುಗಳಲ್ಲಿ ಚೆಂಡು ಹಿಡಿದು ಬಂದ. ಅವನ ಮೊದಲ ಚೆಂಡೇ ಬ್ಯಾಟುಗಾರನ ಮೊಣಕಾಲನ್ನು ಬಳಸಿ ಒಳಗೆ ಹೊಳ್ಳಿತು. ನಾಲ್ಕನೆಯ ದಿನ ಬೆಳಿಗ್ಗೆಯ ಹೊತ್ತಿಗೆ ಕಾಕಾನ ತಂಡ ಕುಸಿದಿತ್ತು. ದೊಡ್ಡಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ‘ಇನ್ನ ಮ್ಯಾಲ ನಮ್ಮ ಆಯ್ಕಿ ಸಮಿತಿಗೆ ಇಕೀನ ಹಿರೇಮನಷ್ಯಾಳು’ ಎಂದು ಸಾರಿದ. ಬಯಸಿದ್ದ ಸ್ಥಾನ ಸಿಕ್ಕಿತ್ತು. ಆದರೆ ಇಮಾಮಣ್ಣ ಮಾತ್ರ ವಿಕೆಟ್ ಪಡೆದಾಗಲೆಲ್ಲ ಬೇವಿನ ಗಿಡದ ಕಡೆ, ಅಣ್ಣ ಕೂತಲ್ಲಿ, ಒಮ್ಮೆ ನೋಡುತ್ತಿದ್ದ.

ಆ ಮಧ್ಯಾಹ್ನ ಬಿಡುವಿನಲ್ಲಿ ಎಲ್ಲರೂ ಉಂಡು ಅಡ್ಡಾಗಿದ್ದಾಗ ನಾನು ಅಣ್ಣನನ್ನು ಹುಡುಕಿಕೊಂಡು ಹೋದೆ. ಅವನು ಎತ್ತಿನ ಚಕ್ಕಡಿಯ ನೆರಳಿನಲ್ಲಿ ಕೂತು ಹರಿದ ಕೈಗವಸನ್ನು ಹೊಲಿಯುತ್ತಿದ್ದ, ಅಪ್ಪನ ಕೈಗವಸು. ನಾನು ಪಕ್ಕದಲ್ಲಿ ಕೂತೆ.

“ಅಣ್ಣಾ, ನನ್ನ ಮ್ಯಾಲ ಸಿಟ್ಟು ಐತೇನು?”

“ಯಾಕ? ನೀ ಹೇಳಿದ್ದು ಖರೇನ ಐತಿ. ಇಮಾಮಣ್ಣನ್ನ ಹಾಕಬೇಕಾಗಿತ್ತು. ನನ್ನ ಕೇಳಿದ್ರೂ ನಾ ಹಂಗ ಹೇಳತಿದ್ನಿ.”

“ಮತ್ತ?”

ಅವನು ದಾರವನ್ನು ಹಲ್ಲಿನಿಂದ ಕಡಿದ.

“ಬಾಗಿಲದಾಗ ಓದಿದೆ ನೋಡು. ಮೊದಲನೇ ಸಲ ಓದಿದಾಗ, ಗಿರಿಜಾ ನನ್ನ ಹೆಸರು ಬರಿಯೋದು ಮರತಾಳ, ಪಾಪ, ಅಂತ ಅಂದ್ಕೊಂಡೆ. ಸುಣ್ಣದ ತುಂಡು ಅಲ್ಲೇ ಇತ್ತು. ನಾನ ಬರದ್ರಾತು ಅಂತ ಕೈಗೆ ತಗೊಳ್ಳಾಕ ಹೋದೆ. ಆಮ್ಯಾಲ ಎಣಿಸಿದೆ. ಹನ್ನೊಂದ ಇದ್ವು.”

ಕಾಲೇಜಿನಲ್ಲಿ ಮುಂದೆ ನಾನು ಎದುರಿಸಿದ ಯಾವ ಪ್ರತಿವಾದಿಯೂ ಇದಕ್ಕಿಂತ ಗಟ್ಟಿಯಾದ ಮಾತು ಆಡಲಿಲ್ಲ. ಅವನು ನನ್ನ ನಿರ್ಣಯವನ್ನು ಒಪ್ಪಿಕೊಂಡಿದ್ದ. ಅದರಲ್ಲಿ ತಪ್ಪು ಹುಡುಕಲಿಲ್ಲ. ಆದರೂ ಅವನಿಗೆ ಒಬ್ಬಂಟಿಯಾಗಿ ನಿಂತು, ತನ್ನ ತಂಗಿಯ ಕೈಬರಹದ ಹೆಸರುಗಳನ್ನು ಎಣಿಸಿ ತನ್ನದಿಲ್ಲವೆಂದು ತಿಳಿಯಬೇಕಾಗಿ ಬಂದಿತ್ತು. ನನಗೆ ಅಳು ಬಂತು. ಅವನು ಕೈಗವಸಿನಿಂದಲೇ ನನ್ನ ತಲೆಗೆ ಮೆಲ್ಲಗೆ ಬಡಿದ.

“ಅಳಬ್ಯಾಡ. ಹಿರೇಮನಷ್ಯಾಳು ಅಳತಾರೇನು? ಹೋಗಿ ಇದನ್ನ ಅಪ್ಪಗ ಕೊಡು. ನಾ ಕೊಟ್ರ ಸುಮ್ಮನ ಇಸ್ಕೋತಾನ.”

ಐದನೆಯ ದಿನ ಬಿಸಿಲೇರುವ ಮೊದಲೇ ನಾವು ಗೆದ್ದೆವು. ಕಾಕಿ ಹೋಳಿಗೆ ಮಾಡಿದ್ದಳು. ಆ ಸಂಭ್ರಮದಲ್ಲಿ ನನ್ನ ಹೆಸರು ಮತ್ತೆ ಮತ್ತೆ ಬಂತು, ನಾನು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಸಂಜೆ ಶಿರಹಟ್ಟಿಯ ಮೇಲೆ ಹಾದು ಗದಗಿಗೆ ಹೋಗುವ ಬಸ್ಸಿಗಾಗಿ ಎಲ್ಲರೂ ನಿಂತಿದ್ದಾಗ ನಾನು ಅಪ್ಪನ ಬಳಿ ಹೋದೆ. ಅವನು ಬ್ಯಾಟು ಸ್ಟಂಪುಗಳ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ರಸ್ತೆ ನೋಡುತ್ತಿದ್ದ.

“ಅಪ್ಪಾ, ಮಲ್ಲಣ್ಣನ ಹೆಸರು ಬಿಡಿಸಿದಾಕಿ ನಾನು.”

“ಗೊತ್ತೈತಿ. ಚೊಲೋನ ಆತು.”

“ಆಟಕ್ಕ ಚೊಲೋ ಆತಪ್ಪಾ. ಆದ್ರ ನೀ ಅವನ ಹೆಸರು ಹಿಡದು ಕರಿಯೋದು ವರ್ಷದಾಗ ಐದ ದಿವಸ. ಆ ಐದೂ ದಿವಸ ನಾ ಕಸಗೊಂಡೆ. ಅವ ಅದಕ್ಕಂತ ವರ್ಷೆಲ್ಲಾ ಕಾದಿದ್ದ.”

ಅಪ್ಪ ನನ್ನನ್ನು ನೋಡಲಿಲ್ಲ. ಎರಡು ವರ್ಷಗಳಿಂದ ಮನೆಯಲ್ಲಿ ಎಲ್ಲರೂ ಬಲ್ಲ, ಯಾರೂ ಆಡದ ಮಾತನ್ನು ನಾನು ಆಡಿದ್ದೆ. ಬಸ್ಸು ಬಂತು. ಅಪ್ಪ ಚೀಲವೆತ್ತಿಕೊಂಡು ಹತ್ತಿದ. ಮುಂದಿನ ಸೀಟಿನಲ್ಲಿ ದೊಡ್ಡಪ್ಪ ಜಾಗ ಹಿಡಿದು ಕರೆಯುತ್ತಿದ್ದರೂ ಅವನನ್ನು ದಾಟಿ ಹಿಂದಕ್ಕೆ ಹೋದ. ಅಲ್ಲಿ ಮಲ್ಲಣ್ಣ ಕಿಟಕಿಯ ಪಕ್ಕ ಕೂತಿದ್ದ. ಅಪ್ಪ ಅವನ ಮಗ್ಗುಲಲ್ಲಿ ಕೂತ. ಅವರ ಮುಂದಿನ ಸೀಟಿನಲ್ಲಿ ಆಯಿಯ ಜೊತೆ ನಾನಿದ್ದೆ. ಅವ್ವ ಆಚೆಯ ಸಾಲಿನಲ್ಲಿದ್ದಳು. ಶಿರಹಟ್ಟಿ ಬಂದು ಅರ್ಧ ಮಂದಿ ಇಳಿದರು, ಅಷ್ಟೇ ಮಂದಿ ಹತ್ತಿದರು. ಹಿಂದೆ ಮಾತಿರಲಿಲ್ಲ. ಊರು ದಾಟಿದ ಮೇಲೆ ಅಪ್ಪ ಕೆಮ್ಮಿದ.

“ಮೊದಲನೇ ದಿವಸ ಹೊಸಾ ಚೆಂಡು ಹೊರಗ ಹೊಳ್ಳತಿತ್ತು.”

ಅಣ್ಣನ ದನಿ ಕೇಳಿತು: “ಯಾವ ಬಾಜೂದಿಂದ?”

“ಬೇವಿನ ಗಿಡದ ಬಾಜೂದಿಂದ. ಈರಣ್ಣಗ ಅದು ಸಿಗಲಿಲ್ಲ. ನೀ ಇರಬೇಕಾಗಿತ್ತು, ಮಲ್ಲಪ್ಪಾ.”

ಆಯಿ ನನ್ನ ಕೈ ಹಿಡಿದುಕೊಂಡಳು. ಹಿಂದೆ ತಿರುಗಬೇಡವೆಂದು ಅದರ ಅರ್ಥ. ನಾನು ತಿರುಗಲಿಲ್ಲ. ಗದಗು ಬರುವವರೆಗೆ ಅವರಿಬ್ಬರೂ ಗಾಳಿಯ ಬಗ್ಗೆ, ಹೊಲಿಗೆಯ ಬಗ್ಗೆ, ಇಮಾಮಣ್ಣನಿಗೆ ಇನ್ನೊಬ್ಬ ಹತ್ತಿರದ ಫೀಲ್ಡರ್ ಬೇಕಿತ್ತೆಂಬುದರ ಬಗ್ಗೆ ಮಾತನಾಡಿದರು. ಪರೀಕ್ಷೆಯ ಮಾತು, ಎರಡು ವರ್ಷದ ಮೌನದ ಮಾತು ಬರಲೇ ಇಲ್ಲ. ಅಂದಿನಿಂದ ಎಲ್ಲವೂ ಸರಾಗವಾಯಿತೆಂದು ಹೇಳಿದರೆ ಸುಳ್ಳಾದೀತು. ಮನೆಗೆ ಬಂದ ಮೇಲೂ ಅಪ್ಪ ಕೆಲವೊಮ್ಮೆ ಅವ್ವನ ಮೂಲಕ ಹೇಳಿ ಕಳಿಸುತ್ತಿದ್ದ. ಆದರೆ ಆ ವಾರವೇ ಒಂದು ಬೆಳಿಗ್ಗೆ ಎದುರಿನ ಮಗ್ಗದಿಂದ ‘ಮಲ್ಲಪ್ಪಾ, ಎಳಿ ಕಡದೈತಿ ನೋಡು’ ಎಂಬ ದನಿ ಕೇಳಿದಾಗ ನಾಲ್ಕೂ ಮಗ್ಗಗಳು ನಿಂತವು. ಒಳಗಿನಿಂದ ಅವ್ವ ‘ಯಾರು ಹ್ವಾದ್ರು?’ ಎಂದು ಕೂಗಿದಳು. 

ಈಗ ಮಲ್ಲಣ್ಣನಿಗೆ ಅರವತ್ತು ದಾಟಿದೆ. ಬೆಟಗೇರಿಯ ಅದೇ ಓಣಿಯಲ್ಲಿ ಒಂದು ಮಗ್ಗ ಉಳಿಸಿಕೊಂಡಿದ್ದಾನೆ. ಟೆಸ್ಟ್ ತಂಡ ಪ್ರಕಟವಾದ ದಿನ ನನಗೆ ಫೋನ್ ಮಾಡುತ್ತಾನೆ. ಪಟ್ಟಿಯಲ್ಲಿ ಯಾರಿದ್ದಾರೆಂದು ಅವನು ಕೇಳುವುದಿಲ್ಲ, ‘ಯಾರನ್ನ ಬಿಟ್ಟಾರವಾ?’ ಎಂದು ಕೇಳುತ್ತಾನೆ. ನಾನು ಮಾತಿನ ಬಲದಿಂದ ಸಮಾಜ ತಿದ್ದಲು ಹೊರಟವಳು. ಹೆಣ್ಣುಮಕ್ಕಳ ಓದಿಗಾಗಿ ದುಡಿಯುವ ಒಂದು ಚಿಕ್ಕ ಸಂಘದಲ್ಲಿ ಇದ್ದೇನೆ. ವಸತಿನಿಲಯದ ಕೆಲವೇ ಜಾಗಗಳಿಗೆ ಹುಡುಗಿಯರನ್ನು ಆರಿಸುವ ಕೆಲಸ ಪ್ರತಿವರ್ಷ ನನ್ನ ಪಾಲಿಗೆ ಬರುತ್ತದೆ. ಆರಿಸುವಾಗ ನಾನು ಇಂದಿಗೂ ತರ್ಕವನ್ನು ಬಿಡುವುದಿಲ್ಲ. ಅರ್ಹತೆಗೂ ಅಗತ್ಯಕ್ಕೂ ತಕ್ಕ ತೂಕ ಕೊಡಲೇಬೇಕು. ಆದರೆ ಪಟ್ಟಿಯನ್ನು ಫಲಕಕ್ಕೆ ಹಚ್ಚುವ ಮುನ್ನಾದಿನ ನಾನು ಬಸ್ಸು ಹತ್ತುತ್ತೇನೆ. ಹೋದ ವರ್ಷ ಡೋಣಿ ಎಂಬ ಹಳ್ಳಿಯಲ್ಲಿ ಒಬ್ಬ ಹುಡುಗಿಯ ಮನೆಗೆ ಹೋಗಿ, ಅವಳ ಹೆಸರು ಏಕಿಲ್ಲವೆಂದು ಹೇಳಿದೆ. ಅವಳು ನನ್ನ ಕಾರಣಗಳನ್ನು ಕೇಳಿ, ಎರಡನ್ನು ಒಪ್ಪಿದಳು, ಮೂರನೆಯದನ್ನು ಒಪ್ಪಲಿಲ್ಲ. ಅವಳು ಹೇಳಿದ್ದೇ ಸರಿಯಿತ್ತು. ಈ ವರ್ಷದ ನಿಯಮದಲ್ಲಿ ಅದನ್ನು ತಿದ್ದಿದೆವು. ನನ್ನ ಸಹೋದ್ಯೋಗಿಗಳು ಈ ತಿರುಗಾಟವನ್ನು ವ್ಯರ್ಥವೆನ್ನುತ್ತಾರೆ. ಫೋನಿನಲ್ಲಿ ಸಂದೇಶ ಕಳಿಸಿದರಾಯಿತಲ್ಲ ಎನ್ನುತ್ತಾರೆ. ಅವರೊಡನೆ ನಾನು ವಾದಿಸುವುದಿಲ್ಲ. ಟಿಕೆಟ್ ತೆಗೆಸುತ್ತೇನೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಪಟ್ಟಿ ಮಾಡುವವರು ಅನೇಕರಿದ್ದೀರಿ: ಶಾಲೆಯಲ್ಲಿ, ಕಚೇರಿಯಲ್ಲಿ, ಸಂಘದಲ್ಲಿ, ಮೈದಾನದಲ್ಲಿ, ಮನೆಯಲ್ಲಿ. ಮುಂದಿನ ಸಲ ಪಟ್ಟಿ ಹೊರಗೆ ಬೀಳುವ ಮೊದಲು, ಅದರಲ್ಲಿ ಹೆಸರಿಲ್ಲದವರ ಬಳಿಗೆ ನೀವೇ ಹೋಗಿ. ಕಾರಣವನ್ನು ನಿಮ್ಮ ಬಾಯಿಂದಲೇ ಹೇಳಿ. ಅವರು ಏನಾದರೂ ಕೇಳಿದರೆ, ಉತ್ತರ ಕೊಟ್ಟು ಮುಗಿಯುವವರೆಗೆ ಅಲ್ಲಿಂದ ಏಳಬೇಡಿ.